ಕೆಂಪು ಚುಕ್ಕಿಯ ನಲ್ಲಿ

ಜುಲೈ ಬಂತೆಂದರೆ ನಮ್ಮ ಮನೆಯ ನಲ್ಲಿಗಳು
ಮಾತು ತಪ್ಪುತ್ತವೆ.
ನೀಲಿ ಚುಕ್ಕಿಯದು ತಿರುಗಿಸಿದರೆ ಕೈ ಸುಡುವ ನೀರು;
ಗೀಸರಿನ ಕಿವಿ ಹಿಂಡಿ ಮಲಗಿಸಿ
ಕೆಂಪು ಚುಕ್ಕಿಯದು ತಿರುಗಿಸಬೇಕು, ಆಗ ತಣ್ಣೀರು.
ತ್ರಿಶಾನನಿಗೆ ಆರು ವರ್ಷ. ಅವನ ಪಾಲಿಗೆ
ಜಗತ್ತಿನಲ್ಲಿ ಕೆಂಪೆಂದರೆ ತಂಪು.

ಈ ಸಲ ಟಿಕೆಟ್ಟಿನ ರೇಟು ಕೇಳಿ
ಇವರು ಫೋನನ್ನೇ ಕವುಚಿಟ್ಟರು.
ನಾಲ್ಕು ಜನ ಮರವಂತೆಗೆ ಹೋಗಿಬರುವ ದುಡ್ಡಲ್ಲಿ
ನಾಗಶ್ರೀಯ ಅರ್ಧ ವರ್ಷದ ಫೀಸು.
'ಶಾರ್ಜಾದಲ್ಲೇ ಇರುವ' ಅಂದೆ, ದೊಡ್ಡ ಮನಸ್ಸಿನವಳ ಹಾಗೆ.
ಆಮೇಲೆ ಲೆಕ್ಕ ಹಾಕಿದೆ:
ರಜೆ ಐವತ್ತೆಂಟು ದಿನ, ಕೋಣೆ ಒಂದು,
ಕಿಟಕಿಯಾಚೆ ನಲವತ್ತಾರು ಡಿಗ್ರಿ.

ಫ್ರಿಜ್ಜಿನ ಬಾಗಿಲಿಗೆ ಮಗಳು ಪಟ್ಟಿ ಅಂಟಿಸಿದಳು.
ಸೋಮವಾರ: ಮೀನು ನೋಡುವುದು.
ಅಕ್ವೇರಿಯಮ್ಮಿನಲ್ಲಲ್ಲ, ಹೈಪರ್‌ಮಾರ್ಕೆಟ್ಟಿನಲ್ಲಿ.
ಟಿಕೆಟ್ ಬೇಡ, ಮೂಗು ಮುಚ್ಚಿಕೊಂಡರೆ ಸಾಕು ಅನ್ನುತ್ತಾಳೆ,
ಮೊಗವೀರರ ಹುಡುಗಿ, ಮೂಗು ಮುಚ್ಚುತ್ತಾಳಂತೆ!
ಐಸಿನ ಹಾಸಿಗೆಯ ಮೇಲೆ ಮಲಗಿದವರನ್ನೆಲ್ಲ
ನಾನು ಹೆಸರು ಹಿಡಿದು ಕರೆಯುತ್ತೇನೆ:
ಇದು ಬಂಗುಡೆ, ಇದು ಬೈಗೆ, ಇದು ಅಂಜಲ್,
ಇದು ಕಾಣೆ.
'ಇಲ್ಲೇ ಉಂಟಲ್ಲ, ಮತ್ತೆ ಕಾಣೆ ಹೇಗೆ?'
ಎಂದು ತ್ರಿಶಾನ ಕೇಳಿದ.
ಬಾಂಗ್ಲಾದ ಹುಡುಗ ಕತ್ತಿ ಕೆಳಗಿಟ್ಟು
ಒಂದು ಏಡಿ ಎತ್ತಿ ಅವನಿಗೆ ಕೈ ಬೀಸಿಸಿದ.

ಬುಧವಾರ ಲೈಬ್ರರಿ. ಒಂದು ದಿನ ಅಬ್ರಾ,
ಆಚೆ ದಡಕ್ಕೆ ಹೋಗಿ, ಇಳಿಯದೆ, ಹಾಗೇ ವಾಪಸ್ಸು.
ಸಂಜೆ ಐದನೇ ಮಹಡಿಯ ಓಣಿಯಲ್ಲಿ ಕ್ರಿಕೆಟ್ಟು,
ನಾತೂರ್ ಮೆಟ್ಟಿಲು ಹತ್ತಿ ಬರುವ ತನಕ.
ರಾತ್ರಿ ಹತ್ತೂವರೆಗೆ ಕಡಲು:
ಮೊಣಕಾಲುದ್ದ ಇಳಿದರೆ ಹಂಡೆಯ ನೀರು,
ತೆರೆಯಿಲ್ಲ, ಆರ್ಭಟವಿಲ್ಲ.
ಇದು ಕಡಲೇ ಹೌದಾ ಎಂದು ನನಗೇ ಅನುಮಾನ.
ಉಪ್ಪು ನೆಕ್ಕಿ ನೋಡಿದೆ, ಹೌದು.

ಗುರುವಾರದ ಮುಂದೆ ಬರೀ ಒಂದು ಪ್ರಶ್ನೆಯ ಗುರುತು.
ಅದರ ಕೆಳಗೆ ಪೆನ್ಸಿಲಿನಲ್ಲಿ,
ಅಳಿಸಿದರೂ ಪರವಾಗಿಲ್ಲ ಎನ್ನುವಷ್ಟು ತೆಳ್ಳಗೆ:
ಐಸ್ ಸ್ಕೇಟಿಂಗ್.
ನಾನು ಓದಿದೆ. ಇವರೂ ಓದಿದರು.
ನಾವಿಬ್ಬರೂ ಮೊಸರು ತೆಗೆದುಕೊಂಡು ಬಾಗಿಲು ಮುಚ್ಚಿದೆವು.

ಇವರ ಕೆಲಸ ದುಬೈಯ ಒಂದು ಮಾಲಿನ ಚಿಲ್ಲರ್ ರೂಮಿನಲ್ಲಿ.
ಹನ್ನೊಂದು ವರ್ಷದಿಂದ ಊರಿಗೆಲ್ಲ ತಂಪು ಹಂಚುತ್ತಾರೆ;
ಮನೆಗೆ ಬಂದಾಗ ಅಂಗಿ ಹಿಂಡಿದರೆ ಒಂದು ಚೊಂಬು.

ಆ ಗುರುವಾರ 'ಹೊರಡಿ' ಎಂದರು, ಎಲ್ಲಿಗೆಂದು ಹೇಳಲಿಲ್ಲ.
ಮಾಲಿನ ಮುಂಬಾಗಿಲು ದಾಟಿ ಕಾರು ಹಿಂದಕ್ಕೆ ತಿರುಗಿತು,
ತರಕಾರಿ ಲಾರಿ, ಕಸದ ಡಬ್ಬಿಗಳ ನಡುವೆ.
ಅಲ್ಲೊಂದು ಗೋಡೆಯ ಮೂಲೆಯಲ್ಲಿ
ಎದೆಯೆತ್ತರ ಬಿಳಿಯ ರಾಶಿ.
ಎರಡು ಗಂಟೆಗೊಮ್ಮೆ ರಿಂಕಿನ ನೆಲ ಹೆರೆದು
ಯಂತ್ರ ತಂದು ಸುರಿಯುವ ಪುಡಿ.
ಒಳಗೆ ಜಾರುವವರು ಇದನ್ನು ನೋಡುವುದಿಲ್ಲ.
ಇವರು ಕಾವಲಿನವನಿಗೆ ಏನೋ ಹಿಂದಿಯಲ್ಲಿ ಅಂದರು.
'ಕಾಲು ಗಂಟೆ' ಎಂದು ಅವನು ಬೆನ್ನು ತಿರುಗಿಸಿ ನಿಂತ.

ಹವಾಯಿ ಚಪ್ಪಲಿಯಲ್ಲಿ ಹಿಮ ತುಳಿದವರು
ನನ್ನ ಮಕ್ಕಳೇ ಮೊದಲಿರಬೇಕು.
ನಾಗಶ್ರೀ, ಹನ್ನೊಂದರ ಗಾಂಭೀರ್ಯದವಳು,
ಅಪ್ಪನ ಬೆನ್ನಿಗೆ ಗುರಿಯಿಟ್ಟಳು.
ನಾನು? ನಾನು ಒಂದು ಹಿಡಿ ಕತ್ತಿಗೆ ಒತ್ತಿಕೊಂಡೆ, ಅಷ್ಟೇ.
ಸುಳ್ಳು. ಎರಡು.

ಚಿತ್ರಾನ್ನ ತಂದಿದ್ದ ಡಬ್ಬಿ ತೊಳೆದು ತ್ರಿಶಾನ ಹಿಮ ತುಂಬಿಸಿದ.
ಇತ್ತಿಹಾದ್ ರಸ್ತೆಯಲ್ಲಿ ಕಾರು ಕದಲಲಿಲ್ಲ.
ಹಿಂದಿನ ಸೀಟಿನಿಂದ ವಾರ್ತೆ ಬರುತ್ತಿತ್ತು:
ಮುಕ್ಕಾಲು. ಅರ್ಧ. ಅರಿಸಿನ ಬಣ್ಣ ಬಂತು.
ಒಂದು ಸಾಸಿವೆ ತೇಲುತ್ತಿದೆ.
ಮನೆ ಮುಟ್ಟಿದಾಗ ನಿದ್ದೆ ಹೋಗಿದ್ದ,
ಡಬ್ಬಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಬೆಳಿಗ್ಗೆ ಪಟ್ಟಿಯಲ್ಲಿ ಪ್ರಶ್ನೆಯ ಗುರುತು ಇರಲಿಲ್ಲ.
ಗುರುವಾರ: ಅಪ್ಪನ ಆಫೀಸು, ಎಂದಿತ್ತು, ಪೆನ್ನಿನಲ್ಲಿ.
ಇವರು ಚಹಾದ ಲೋಟ ಹಿಡಿದು ನಿಂತು ಓದಿದರು,
ಏನೂ ಅನ್ನಲಿಲ್ಲ.
ಮುಖ ತೊಳೆಯಲು ಹೋದವರು,
ಹನ್ನೊಂದು ಬೇಸಿಗೆ ಕಂಡ ಮನುಷ್ಯ,
ನೀಲಿ ಚುಕ್ಕಿಯದು ತಿರುಗಿಸಿ
ಅಯ್ಯೋ ಎಂದು ಕೂಗಿಕೊಂಡರು.