ಕಾಲಿಗೆ ಕಟ್ಟಿದ ಚೀಟಿ

ಜಾಡಿಗಳ ಸ್ಪಿರಿಟ್ಟು ಆರುತ್ತದೆ; ವರ್ಷಕ್ಕೆರಡು ಸಲ ತುಂಬುವುದು ನನ್ನ ಕೆಲಸ.
ಮಿನಾಸ್ ಜೆರಾಯಿಸ್‌ನ ಈ ನೆಲಮಾಳಿಗೆಯಲ್ಲಿ
ಕಪ್ಪೆಗಳು ನನಗೆ ಸಂಖ್ಯೆಯಿಂದಲೇ ಪರಿಚಯ.
೪೧೧೭ ಅರವತ್ತು ವರ್ಷ
ಯಾರದೋ ಹೆಸರು ಹೊತ್ತು ಕೂತಿತ್ತು,
ಅವಸರದಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿ ಬಂದವನ ಹಾಗೆ.

ಡಾಕ್ಟರ್ ಇವಾನಿಲ್ಡೊ ಎತ್ತಿ ಬಿಳಿ ತಟ್ಟೆಯಲ್ಲಿಟ್ಟರು.
ಮೂತಿಯಿಂದ ಬುಡಕ್ಕೆ ಮೂವತ್ತೊಂಬತ್ತು ಮಿಲಿಮೀಟರು.
ಬೆರಳ ತುದಿಯ ಬಿಲ್ಲೆ ಅಗಲ. ತೊಡೆಯೊಳಗೆ ಪಟ್ಟೆಯಲ್ಲ, ಚುಕ್ಕೆ.
“ಕುಲ ಮರಗಪ್ಪೆಯದೇ,” ಅಂದರು,
“ಮರ ಮಾತ್ರ ಇದರಪ್ಪನೂ ಕಂಡಿರಲಾರ.”

ಪೆದ್ರೆಗಾಲ್ ಗುಡ್ಡದಲ್ಲಿ ಮರವೆಲ್ಲಿ?
ಬಿರುಕುಬಿಟ್ಟ ಬೆಣಚುಕಲ್ಲು, ಹಾವಸೆ, ಮೊಣಕಾಲುದ್ದ ಹುಲ್ಲು,
ಒಣಗಿದರೂ ಬಾಡದ ಬಿಳಿ ಹೂವು.
ಆ ಹೂ ಕೊಯ್ದು ಮಾರುವ ಝುಲ್ಮೀರಾ
ರಾತ್ರಿ ನಮ್ಮನ್ನು ಮೇಲಕ್ಕೆ ನಡೆಸಿದಳು.
ಟಾರ್ಚು ಆರಿಸಿ ಅಂದಳು. “ಕಿವಿ ಇದೆಯಲ್ಲ?”

ಕ್ರಶ್. ಕ್ರಶ್. ತುಸು ಬಿಡುವು. ಕ್ರಶ್.
ಕುಡುಗೋಲನ್ನು ಕಲ್ಲಿಗೆ ತೀಡಿದ ಸದ್ದು.
“ಸಾಣೆಗಾರ,” ಅಂದಳು. “ನನ್ನಜ್ಜಿಗೂ ಸಾಣೆಗಾರನೇ.
ಅವನು ಮಸೆಯುವುದು ನಿಲ್ಲಿಸಿದನೋ, ಮಳೆ ಮುಗಿಯಿತು,
ನಾವು ಕೊಯ್ಲಿಗೆ ಹೊರಟೆವು.”

ದನಿ ಪರದೆಯ ಮೇಲೆ ಬೂದು ಬಾಚಣಿಗೆಯ ಹಲ್ಲುಗಳಾಯಿತು.
ಯಕೃತ್ತಿನ ಚೂರು ನಾಲ್ಕೇ ಅಕ್ಷರಗಳ ಮುಗಿಯದ ಸಾಲಾಯಿತು.
ಕಣಿವೆಯಾಚೆಯ ದಾಯಾದಿಯಿಂದ ಬೇರೆಯಾಗಿ
ಲಕ್ಷಗಟ್ಟಲೆ ವರ್ಷ;
ಪಾಲುಪಟ್ಟಿ ಬರೆದದ್ದು ಈಗ.

ಹೆಸರಿಗೊಂದು ಹೆಣ ಬೇಕು. ನಿಯಮ ಹಾಗೆ.
ಗುಡ್ಡದಲ್ಲಿ ಮಸೆಯುತ್ತಿರುವ ಅಷ್ಟೂ ಕಪ್ಪೆಗಳ ಪರವಾಗಿ
ಒಂದು, ಜಾಡಿಯಲ್ಲಿ, ಕೈಕಾಲು ಹರಡಿಕೊಂಡು.
ದಾರ ನಾನೇ ಕಟ್ಟಿದೆ: ಎಡ ಮೊಣಕಾಲ ಕೆಳಗೆ, ಎರಡು ಗಂಟು.
ಲ್ಯಾಟಿನ್ನಿನಲ್ಲಿ ಸಾಣೆಕಲ್ಲಿಗೆ ಮೂರೇ ಅಕ್ಷರವಂತೆ;
ಡಾಕ್ಟರು ಅದಕ್ಕೊಂದು ಬಾಲ ಸೇರಿಸಿದರು
(ಕಪ್ಪೆ ಬೆಳೆದಾಗ ಕಳಕೊಂಡದ್ದು).
ಕೆಂಪು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದೆ.
ನಮ್ಮ ಶಾಯಿಯನ್ನು ಸ್ಪಿರಿಟ್ಟು ಕುಡಿದುಬಿಡುತ್ತದೆ.

ಮುಂದಿನ ಏಪ್ರಿಲ್‌ಗೆ ಗುಡ್ಡದ ಬುಡದಲ್ಲಿ ಹಸಿರು ಫಲಕ:
ಅಪರೂಪದ ಜೀವಿ. ಪ್ರವೇಶವಿಲ್ಲ. ಹೂ ಕೀಳಬಾರದು.
ಹೊಸ ಹೆಸರೂ ಇತ್ತು, ಒಂದಕ್ಷರ ತಪ್ಪಾಗಿ.

ಝುಲ್ಮೀರಾ ಎಂಟು ತಾಸು ಬಸ್ಸಿನಲ್ಲಿ ಬಂದಳು.
ಜಾಡಿ ತಂದು ಮುಂದಿಟ್ಟೆ.
ಗಾಜಿಗೆ ಉಗುರು ತಾಗಿಸಿ, ತಲೆ ವಾಲಿಸಿ,
ಏನೋ ಕೇಳಬೇಕಾದವಳ ಹಾಗೆ ತುಂಬಾ ಹೊತ್ತು ನಿಂತಳು.
ಆಮೇಲೆ ಬಟ್ಟೆ ಸುತ್ತಿದ ಚಿಕ್ಕ ಕುಡುಗೋಲು
ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.
“ಇದಕ್ಕೂ ಒಂದು ಚೀಟಿ ಕಟ್ಟು.”