ಕೆಂಪಿನಾಚೆಯ ಬೆಳಕು

ಕೊಸ್ತನಾಯ್ ಕಣಜದ ಗೇಟಿನಾಚೆ ಲಾರಿಗಳ ಸಾಲು.
ಬೈಬೊಲ್ ಬೊಗಸೆ ಗೋಧಿ ತಂದು ಸುರಿದ.
ಪೆಟ್ಟಿಗೆ ಗುಂಯ್ ಎಂದಿತು.
ಕೆಂಪಿನಾಚೆಯ, ಕಣ್ಣಿಗೆ ದಕ್ಕದ ಬೆಳಕು
ಕಾಳಿನೊಳಹೊಕ್ಕು, ತನ್ನದಿಷ್ಟು ಅಲ್ಲೇ ಬಿಟ್ಟು
ಉಳಿದದ್ದು ಹೊತ್ತು ಹೊರಬಂತು.
ತೇವ ಇಷ್ಟು. ಪ್ರೊಟೀನು ಇಷ್ಟು.
ಚಹಾ ಆರುವ ಮೊದಲೇ ತೀರ್ಪು.

"ಇನ್ನು ನಿನಗೇನು ಕೆಲಸ, ಅಕ್ಕಾ?"

ಶೋಲ್ಪಾನ್ ಮಾತಾಡಲಿಲ್ಲ.
ಇಪ್ಪತ್ತಾರು ಸುಗ್ಗಿ
ಹಿಟ್ಟನ್ನು ಆಮ್ಲದಲ್ಲಿ ಕುದಿಸಿ, ಹೊಗೆ ಕುಡಿದು,
ತೊಟ್ಟು ತೊಟ್ಟು ಎಣಿಸಿ ಬರೆದ ಅಂಕಿ;
ಆ ನೋಟುಬುಕ್ಕುಗಳಿಂದಲೇ ಅಲ್ಲವೆ
ಈ ಪೆಟ್ಟಿಗೆಗೆ ಅಕ್ಷರಾಭ್ಯಾಸವಾದದ್ದು?
ಜ್ವರದಲ್ಲಿ ಅವಳು ತಪ್ಪು ಬರೆದ ಒಂದು ವಾರವೂ
ಅದರ ಹೊಟ್ಟೆಯಲ್ಲಿ ಎಲ್ಲೋ ಇದೆ.

ಈ ವರ್ಷ ಕೊಯ್ಲಿಗೆ ಮುಂಚೆಯೇ ಹಿಮ ಬಿತ್ತು,
ಕರಗಿತು, ಮತ್ತೆ ಬಿತ್ತು.
ಮುಂದಿನ ಲಾರಿ, ಮುಂದಿನ ಬೊಗಸೆ:
ಪೆಟ್ಟಿಗೆ ತಡವರಿಸಿ
ಇಂಥದ್ದು ಕಂಡಿಲ್ಲವೆಂದು ದೀಪ ಮಿಟುಕಿಸಿತು.

ಅವಳು ಎರಡು ಕಾಳು ಬಾಯಿಗೆಸೆದು ಕಡಿದಳು.
ಸಿಹಿ.
ಇರಬಾರದ ಸಿಹಿ, ತೆನೆಯಲ್ಲೇ ಮೊಳೆತದ್ದು.

ಮೇಲಿನ ಹಲಗೆಯ ಫ್ಲಾಸ್ಕು ಇಳಿಸಿ,
ಸೆರಗಿಲ್ಲದ ಬಿಳಿ ಕೋಟಿನ ತುದಿಯಿಂದ ಧೂಳೊರೆಸಿದಳು.
"ಹಿಂದಿನವರಿಗೆ ಹೇಳು ಬೈಬೊಲ್,
ಎಂಜಿನ್ ಆರಿಸಲಿ. ಸಂಜೆಯಾಗುತ್ತದೆ."