ಅರ ಹಾಕುವ ಹೊತ್ತು

ಲಾರಿ ನಾಲ್ಕಕ್ಕೆ ಬರುತ್ತದೆ. ರಿಪ್ಪನ್‌ಪೇಟೆ ಆಚೆಯ ಅಕೇಶಿಯಾ ಪ್ಲಾಟಿನಲ್ಲಿ
ಇನಾಸಣ್ಣ ಮಿಷನ್ನು ಆಫ್ ಮಾಡಿ ಬೊಡ್ಡೆಯ ಮೇಲೆ ಕೂತ.
"ಹಿಟ್ಟು ಬರ್ತಿದೆ ನೋಡು. ಚಕ್ಕೆ ಬರಬೇಕು."
ಅಂಗೈ ತುಂಬ ಹುರಿಹಿಟ್ಟಿನ ಬಣ್ಣ, ಸುಟ್ಟ ವಾಸನೆ.

ರೈಟರ್ ಶೇಷಪ್ಪ ವಾಚು ನೋಡಿದ: "ಅರ್ಧ ಗಂಟೆ ಹಾಳು."
ಇನಾಸಣ್ಣ ಕಿವಿಯ ಸಂದಿಯ ಬೀಡಿ ಮುಟ್ಟಿ ನೋಡಿ
ಅಲ್ಲೇ ಬಿಟ್ಟ. ಪಕ್ಕದಲ್ಲಿ ಪೆಟ್ರೋಲ್ ಕ್ಯಾನು.

ಮಗಳ ನೇಲ್ ಪಾಲಿಶ್ ಹಚ್ಚಿದ್ದು ಮೊದಲ ಹಲ್ಲು,
ಅಲ್ಲಿಂದ ಒಂದು ಬಿಟ್ಟು ಒಂದು.
ಅರ ಮುಂದಕ್ಕೆ ಮಾತ್ರ,
ಹಿಂದಕ್ಕೆಳೆದರೆ ಅರವೇ ಸಾಯುತ್ತದೆ.
ಮೂರು ಸಲ ತಳ್ಳು. ಎತ್ತು.
ಮೂರು ಸಲ ತಳ್ಳು.
ತುದಿಯಲ್ಲಿ ಬೆಳಕು ನಿಲ್ಲಬಾರದು,
ಮಿನುಗುವ ಹಲ್ಲು ಮೊಂಡು ಹಲ್ಲು.

ನನಗೂ ಕೊಟ್ಟ. ಬಲಗೈಗೆ ಒಗ್ಗಿದ ಬದಿ ಚೂಪಾಯಿತು,
ಇನ್ನೊಂದು ಬದಿ ಸೋಮಾರಿ;
ಮರದೊಳಗೆ ಗರಗಸ ಹೊಳೆಯಂತೆ ಓರೆ ತಿರುಗಿತು.
ಬೈಯಲಿಲ್ಲ. "ಎಣಿಸೋದು ಮರೆತೆ" ಅಂದ.

ಮೂರೂವರೆಗೆ ಕಿಡಿ ಹಾರಿತು.
ಯಾವ ಕಾಲದ್ದೋ ಬೇಲಿ ಮೊಳೆ,
ಮರ ನುಂಗಿ ತೊಗಟೆ ಹೊದ್ದುಕೊಂಡಿತ್ತು.
ಒಂದು ಹಲ್ಲು ಅರ್ಧಕ್ಕೆ ಹೋಯಿತು.

ಸವೆದದ್ದನ್ನು ಬೆಳೆಸುವ ಅರ ಯಾವ ಅಂಗಡಿಯಲ್ಲೂ ಇಲ್ಲ.
ಇನಾಸಣ್ಣ ಮತ್ತೆ ಬೊಡ್ಡೆಯ ಮೇಲೆ ಕೂತು,
ಏನೂ ಆಗದೆ ಉಳಿದ ಮೂವತ್ತೈದು ಹಲ್ಲುಗಳನ್ನೂ
ಮುರಿದ ಒಂದರ ಎತ್ತರಕ್ಕೆ
ಇಳಿಸತೊಡಗಿದ.

ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು.
ನಾನು ಎಣಿಸುತ್ತಿದ್ದೆ, ಗಟ್ಟಿಯಾಗಿ.